ಜೋಯಿಡಾ: ಚದರ ಕಿಲೋಮೀಟರಿಗೆ 27 ಜನ ಅಂದರೆ ಏನು?

2011ರ ಜನಗಣತಿ ಕೋಷ್ಟಕಗಳಲ್ಲಿ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕು ಹುಡುಕುವವರು ಮೊದಲು ತಿಳಿದಿರಬೇಕಾದ ಸಂಗತಿ: ಅಲ್ಲಿ ಅದರ ಹೆಸರು ಸುಪಾ. ಕಾಳಿ ಮತ್ತು ಪಾಂಡರಿ ಹೊಳೆಗಳು ಕೂಡುವಲ್ಲಿ ಇದ್ದ ಸುಪಾ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಕಚೇರಿಗಳು ಜೋಯಿಡಾದಲ್ಲಿ ನೆಲೆಯಾದವು, ಮನೆ ಕಳೆದುಕೊಂಡವರಲ್ಲಿ ಅನೇಕರು ಬೆಳಗಾವಿ–ಗೋವಾ ಹೆದ್ದಾರಿಯ ಮೇಲಿನ ರಾಮನಗರಕ್ಕೆ ಹೋದರು, ದಾಖಲೆಯಲ್ಲಿ ಮಾತ್ರ ಸುಪಾ ಉಳಿಯಿತು. ಈ ಹೆಸರು ಗೊತ್ತಿಲ್ಲದೆ ಹುಡುಕಿದರೆ ಅಂಕಿ ಸಿಗುವುದಿಲ್ಲ.

ಈಗ ಅಂಕಿ. ತಾಲ್ಲೂಕಿನ ವಿಸ್ತೀರ್ಣ ಸುಮಾರು 1,890 ಚದರ ಕಿ.ಮೀ. 2011ರ ಜನಸಂಖ್ಯೆ ಸುಮಾರು 52 ಸಾವಿರ. ಭಾಗಿಸಿದರೆ ಚದರ ಕಿಲೋಮೀಟರಿಗೆ 27 ಚಿಲ್ಲರೆ. ಅದೇ ಜನಗಣತಿಯಲ್ಲಿ ಕರ್ನಾಟಕದ ಸರಾಸರಿ 319, ಉತ್ತರ ಕನ್ನಡ ಜಿಲ್ಲೆಯದು 140. ರಾಜ್ಯದ ಜಿಲ್ಲೆಗಳಲ್ಲೇ ಅತಿ ಕಡಿಮೆ ಸಾಂದ್ರತೆಯ ಕೊಡಗಿನಲ್ಲೂ 135 ಇದೆ. ಅಂದರೆ ಕೊಡಗಿನಲ್ಲಿ ಐದು ಜನ ಇರುವಷ್ಟು ಜಾಗದಲ್ಲಿ ಜೋಯಿಡಾದಲ್ಲಿ ಒಬ್ಬರು.

ಈ 27 ತಪ್ಪಲ್ಲ. ಆದರೆ ಜೋಯಿಡಾದಲ್ಲಿ ಯಾರೂ ಈ 27ರಲ್ಲಿ ಬದುಕುತ್ತಿಲ್ಲ. ಸರ್ಕಾರಿ ಸೌಲಭ್ಯಗಳ ಲೆಕ್ಕವೆಲ್ಲ ತಲೆ ಎಣಿಕೆಯ ಮೇಲೆ ನಿಂತಿದೆ, ಇಲ್ಲಿನ ಬದುಕು ನಿಂತಿರುವುದು ದೂರದ ಮೇಲೆ. ಹಾಗಾಗಿ ಈ ತಾಲ್ಲೂಕಿನ ಅಂಕಿಯನ್ನು ಹೇಗೆ ಓದಬೇಕು, ಎಲ್ಲಿ ಎಡವುತ್ತೇವೆ, ಪಂಚಾಯಿತಿ ಮಟ್ಟದಲ್ಲಿ ಬೇರೆ ಲೆಕ್ಕ ಹೇಗೆ ಕಟ್ಟಬಹುದು ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ನೆಲ ಹೇಗಿದೆ

ಉತ್ತರಕ್ಕೆ ಖಾನಾಪುರ, ಪಶ್ಚಿಮಕ್ಕೆ ಗೋವಾ, ದಕ್ಷಿಣಕ್ಕೆ ಕಾರವಾರ, ಪೂರ್ವಕ್ಕೆ ಹಳಿಯಾಳ–ಯಲ್ಲಾಪುರ ಸೀಮೆ. ಪಶ್ಚಿಮದ ಅಂಚೇ ಸಹ್ಯಾದ್ರಿಯ ನೆತ್ತಿ. ಕ್ಯಾಸಲ್‌ರಾಕ್ ನಿಲ್ದಾಣ ದಾಟಿದ ರೈಲು ಗೋವಾದ ಕುಳೆಂ ಕಡೆಗೆ 37 ಅಡಿಗೆ ಒಂದಡಿ ಇಳಿಜಾರಿನಲ್ಲಿ ಇಳಿಯುತ್ತದೆ ಅಂದರೆ ಅಂಚಿನ ಕಡಿದು ಅಂದಾಜಾಗಬಹುದು. ಕಾಳಿ ಹುಟ್ಟುವುದು ಡಿಗ್ಗಿಯ ಬಳಿ. ಗಟ್ಟದ ನೆತ್ತಿಯಲ್ಲಿ ಮಳೆ ವಿಪರೀತ. ಪೂರ್ವಕ್ಕೆ ಹಳಿಯಾಳದತ್ತ ಸರಿದಂತೆ ಅದು ಬೇಗ ಇಳಿಯುತ್ತದೆ. ಒಂದೇ ತಾಲ್ಲೂಕಿನೊಳಗೆ ಎರಡು ಬಗೆಯ ಮಳೆಗಾಲ ಇದೆ ಅನ್ನುವುದನ್ನು ಇಲ್ಲಿ ರಸ್ತೆ, ಸಂಕ (ಹಳ್ಳ ದಾಟುವ ಕಾಲುಸೇತುವೆ) ಯೋಜಿಸುವವರು ಮರೆಯಬಾರದು.

ಗುಡ್ಡದ ನೆತ್ತಿಗಳಲ್ಲಿ ಮುರಕಲ್ಲು (ಜಂಬಿಟ್ಟಿಗೆ). ಮಣ್ಣು ತೆಳು, ಮಳೆ ನೀರು ನಿಲ್ಲುವುದಿಲ್ಲ, ಬೇಸಿಗೆಗೆ ನೀರೇ ಇಲ್ಲ. ಹಾಗಾಗಿ ಮನೆಗಳೆಲ್ಲ ಹಳ್ಳದ ಬದಿಯ ಇಳುಕಲಿನಲ್ಲಿ. ಒಂದು ಹಳ್ಳದ ಮಗ್ಗುಲಲ್ಲಿ ಎಷ್ಟು ಗದ್ದೆ ಮಾಡಲು ಸಮತಟ್ಟು ಸಿಗುತ್ತದೋ ಅಷ್ಟೇ ಮನೆ: ಐದು, ಎಂಟು, ಹದಿನೈದು. ಆ ಗದ್ದೆ ಮುಗಿದ ಮೇಲೆ ಮುಂದಿನ ಗದ್ದೆ ಗುಡ್ಡದ ಆಚೆ. ಇಂಥ ಒಂದೊಂದು ಗುಂಪಿಗೆ ಇಲ್ಲಿ ವಾಡಾ ಅನ್ನುತ್ತಾರೆ, ಕಂದಾಯ ಇಲಾಖೆಯ ಭಾಷೆಯಲ್ಲಿ ಮಜರೆ. ಉಳವಿ, ಗುಂದ ಕಡೆ ಅಡಿಕೆ ತೋಟದ ನಡುವೆ ಮನೆಗಳು ಬಿಡಿಬಿಡಿಯಾಗಿವೆ. ಕುಣಬಿ ಸಮುದಾಯದ ವಾಡಾಗಳಲ್ಲಿ ಗದ್ದೆಯ ಪಕ್ಕ ಮನೆ, ಮನೆಯ ಹಿತ್ತಿಲಲ್ಲಿ ಗಡ್ಡೆ-ಗೆಣಸು. ಮುಡ್ಲಿಯಂಥ ದೊಡ್ಡ ಗಡ್ಡೆ ನೆಲದಲ್ಲೇ ಇಟ್ಟುಕೊಂಡು ಬೇಕಾದಾಗ ಅಗೆದು ತಿನ್ನಬಹುದು. ಅಂಗಡಿಗೆ ಅರ್ಧ ದಿನದ ದಾರಿಯಿದ್ದಲ್ಲಿ ಅದು ಮನೆಯ ಉಗ್ರಾಣ.

ಕಡಿಮೆ ಜನ ಇರುವುದಕ್ಕೆ ನೆಲವೊಂದೇ ಕಾರಣವಲ್ಲ. ಮೊದಲನೆಯದು ಜ್ವರ. ಬ್ರಿಟಿಷರ ಕಾಲದಲ್ಲಿ ಸುಪಾ ಮಲೇರಿಯಾದ ಸೀಮೆಯೆಂದೇ ಹೆಸರಾಗಿತ್ತು, ಗಟ್ಟದ ಮೇಲಿನ ಎಷ್ಟೋ ಹಳ್ಳಿ ಜ್ವರಕ್ಕೇ ಬರಿದಾದವು. 1946ರ ಸುಮಾರಿಗೆ ಅಂದಿನ ಮುಂಬಯಿ ಪ್ರಾಂತ್ಯದಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕೆನರಾ (ಇಂದಿನ ಉತ್ತರ ಕನ್ನಡ) ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಿಡಿಟಿ ಸಿಂಪಡಣೆ ನಡೆದ ಮೇಲೆ ಈ ಕತೆ ಬದಲಾಯಿತು. ಎರಡನೆಯದು ಅರಣ್ಯ ಕಾಯ್ದೆ. 19ನೇ ಶತಮಾನದ ಮಧ್ಯದಿಂದ ಕುಮ್ರಿ ಬೇಸಾಯಕ್ಕೆ ಕಡಿವಾಣ ಬಿತ್ತು. ಗುಡ್ಡ ಸವರಿ, ಸುಟ್ಟು, ಎರಡು-ಮೂರು ಬೆಳೆ ತೆಗೆದು ಮುಂದೆ ಹೋಗುತ್ತಿದ್ದವರಿಗೆ ನಿಂತ ಜಾಗದಲ್ಲಿ ಹಕ್ಕು ಸಿಗಲಿಲ್ಲ, ಮುಂದೆ ಹೋಗಲು ಜಾಗವೂ ಇರಲಿಲ್ಲ. ಮೂರನೆಯದು ಅಣೆಕಟ್ಟು. 101 ಮೀಟರ್ ಎತ್ತರದ ಸುಪಾ ಅಣೆಕಟ್ಟಿನ ಹಿನ್ನೀರು ತುಂಬಿದಾಗ ಸುಮಾರು 124 ಚದರ ಕಿ.ಮೀ. ಹರಡುತ್ತದೆ. ಮುಳುಗಿದ್ದು ಕಣಿವೆ, ಅಂದರೆ ಗದ್ದೆ ಮತ್ತು ಊರು. ನೆತ್ತಿಯ ಮುರಕಲ್ಲು ಹಾಗೇ ಉಳಿಯಿತು. ತಾಲ್ಲೂಕಿನಲ್ಲಿ ಜನ ಹೆಚ್ಚು ಒತ್ತಾಗಿದ್ದ ಪಟ್ಟಿಯೇ ಹೋಗಿದ್ದರಿಂದ, ಉಳಿದವರು ಒಬ್ಬರಿಗೊಬ್ಬರು ಇನ್ನಷ್ಟು ದೂರವಾದರು. ಹಿನ್ನೀರಿನ ಆಚೆ-ಈಚೆ ದಡದ ಊರುಗಳ ನಡುವಿನ ಹಳೆಯ ಕಾಲುದಾರಿಗಳು ನೀರಡಿ ಇವೆ, ರಸ್ತೆಯೋ ಇಡೀ ಹಿನ್ನೀರನ್ನು ಸುತ್ತಿಕೊಂಡು ಹೋಗುತ್ತದೆ.

ನಾಲ್ಕನೆಯದು ಹುಲಿ ಸಂರಕ್ಷಿತ ಪ್ರದೇಶ. ದಾಂಡೇಲಿ ವನ್ಯಧಾಮ, ಅಣಶಿ ರಾಷ್ಟ್ರೀಯ ಉದ್ಯಾನ ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಕಾಳಿ ಎಂಬ ಹೆಸರು ಬಂತು. ಇದರ ಬಗ್ಗೆ ಮುಂದೆ ಬರೆಯುತ್ತೇನೆ.

27ನ್ನು ಬಿಡಿಸುವುದು

ಜಿಲ್ಲೆಯ ಸುಮಾರು ಶೇ 80 ಭಾಗ ಅರಣ್ಯ. ಜೋಯಿಡಾಕ್ಕೂ ಅದನ್ನೇ ಹಿಡಿಯೋಣ. ಇಲ್ಲಿ ಅದಕ್ಕಿಂತ ಕಡಿಮೆಯಂತೂ ಇರಲಾರದು. 1,890ರಲ್ಲಿ ಶೇ 20 ಅಂದರೆ 378 ಚದರ ಕಿ.ಮೀ. ಹಿನ್ನೀರಿನ 124 ಕಳೆದರೆ ಸುಮಾರು 250. ಹಿನ್ನೀರಿನ ಒಂದಷ್ಟು ಪಾಲು ಅರಣ್ಯದ ಲೆಕ್ಕದಲ್ಲೇ ಇರಬಹುದು, ಆದ್ದರಿಂದ ಇದು ಒರಟು ಅಂದಾಜು. 52 ಸಾವಿರವನ್ನು 250ರಿಂದ ಭಾಗಿಸಿದರೆ 208. ಜನ ನಿಜವಾಗಿ ಕಾಲೂರಿರುವ ನೆಲದಲ್ಲಿ ಸಾಂದ್ರತೆ 27 ಅಲ್ಲ, 200ರ ಹತ್ತಿರ. ಗದ್ದೆ-ತೋಟದ ಮೇಲೆ ಬೀಳುವ ಒತ್ತಡ ಬಯಲುಸೀಮೆಯ ಹಳ್ಳಿಯಷ್ಟೇ ಇದೆ. ‘ಅಷ್ಟು ಜಾಗ ಇದೆ, ಜನ ಎಲ್ಲಿದ್ದಾರೆ’ ಎಂದು ಕೇಳುವವರಿಗೆ ಇದು ಉತ್ತರ.

ಇನ್ನೊಂದು ಕಡೆ, ಸೇವೆ ತಲುಪಿಸುವ ಲೆಕ್ಕಕ್ಕೆ 27ನ್ನೇ ಹಿಡಿಯಬೇಕು. ನಡುವಿನ ಕಾಡನ್ನು ಯಾರೂ ಹಾರಿ ದಾಟಲಾರರು. ಆರೋಗ್ಯ ಉಪಕೇಂದ್ರಕ್ಕೆ ಬಯಲಿನಲ್ಲಿ 5,000 ಜನ, ಗುಡ್ಡಗಾಡು-ಆದಿವಾಸಿ ಪ್ರದೇಶದಲ್ಲಿ 3,000 ಎಂಬುದು ಮಾನದಂಡ. ರಾಜ್ಯದ ಸರಾಸರಿ ಸಾಂದ್ರತೆಯಲ್ಲಿ 5,000 ಜನ ಸುಮಾರು 16 ಚದರ ಕಿ.ಮೀ.ಯಲ್ಲಿ ಸಿಗುತ್ತಾರೆ. ಅದನ್ನು ವೃತ್ತ ಎಂದುಕೊಂಡರೆ ನಡುವಿನಿಂದ ಅಂಚಿಗೆ 2.2 ಕಿ.ಮೀ. ಜೋಯಿಡಾದಲ್ಲಿ, ರಿಯಾಯಿತಿಯ 3,000ವನ್ನೇ ಹಿಡಿದರೂ ಸುಮಾರು 110 ಚದರ ಕಿ.ಮೀ. ಬೇಕು. ಅಂಚಿಗೆ 6 ಕಿ.ಮೀ. ಪ್ರಾಥಮಿಕ ಆರೋಗ್ಯ ಕೇಂದ್ರದ ರಿಯಾಯಿತಿ ಮಾನದಂಡ 20,000. ಅದಕ್ಕೆ 720 ಚದರ ಕಿ.ಮೀ.ಗೂ ಹೆಚ್ಚು, ಅಂಚಿಗೆ 15 ಕಿ.ಮೀ. ಇವೆಲ್ಲ ನಕ್ಷೆಯ ಮೇಲೆ ಸೀದಾ ಗೆರೆ ಎಳೆದ ದೂರ. ಗಟ್ಟದ ದಾರಿಯಲ್ಲಿ ಇದರ ಒಂದೂವರೆ-ಎರಡು ಪಟ್ಟು ಹಿಡಿಯಬೇಕು. ಉಪಕೇಂದ್ರದ ಮಾನದಂಡ ಶೇ 40ರಷ್ಟು ಇಳಿದಿದೆ, ದೂರ ಎರಡೂವರೆ ಪಟ್ಟಿಗೂ ಹೆಚ್ಚಾಗಿದೆ. ಗುಡ್ಡಗಾಡಿನ ರಿಯಾಯಿತಿ ಅನ್ನುವುದು ಜೋಯಿಡಾ ಮಟ್ಟಿಗೆ ರಿಯಾಯಿತಿಯೇ ಅಲ್ಲ.

ರಸ್ತೆಯ ವಿಷಯ ಇನ್ನೂ ಕಠಿಣ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂಲ ನಿಯಮದಲ್ಲಿ ಬಯಲಿಗೆ 500 ಜನರ ಜನವಸತಿ, ಗುಡ್ಡಗಾಡು ರಾಜ್ಯ, ಮರುಭೂಮಿ ಮತ್ತು ಸಂವಿಧಾನದ ಐದನೇ ಅನುಸೂಚಿಯ ಆದಿವಾಸಿ ಪ್ರದೇಶಕ್ಕೆ 250. ಕರ್ನಾಟಕ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿಲ್ಲ, ರಾಜ್ಯದ ಯಾವ ಪ್ರದೇಶವೂ ಐದನೇ ಅನುಸೂಚಿಯಲ್ಲಿಲ್ಲ. ಹಾಗಾಗಿ ಡಿಗ್ಗಿಯಂಥ ಕಡೆಗೂ ಬಯಲುಸೀಮೆಯ 500ರ ಅಳತೆಗೋಲೇ. ಹತ್ತಿರದ ವಾಡಾಗಳನ್ನು ಕೂಡಿಸಿ ಒಂದು ಜನವಸತಿ ಎಂದು ತೋರಿಸಲು ಅವಕಾಶವಿದೆ, ಆದರೆ ಬಯಲಿನ ನಿಯಮದಲ್ಲಿ 500 ಮೀಟರ್ ಒಳಗಿನವು ಮಾತ್ರ. ಗುಡ್ಡಗಾಡಿಗೆ ದಾರಿಯ ದೂರ 1.5 ಕಿ.ಮೀ.ವರೆಗೆ ಕೂಡಿಸಬಹುದು. ನನ್ನ ಮಟ್ಟಿಗೆ ಹೋರಾಡಬೇಕಾದ ಜಾಗ ಇದೇ. ಜನಸಂಖ್ಯೆಯ ಮಿತಿ ಇಳಿಸಿ ಎಂದು ಕೇಳುವಷ್ಟೇ ಒತ್ತಿ, ಕೂಡಿಸುವ ದೂರವನ್ನು ಗುಡ್ಡಗಾಡಿನಂತೆ ಅಳೆಯಿರಿ ಎಂದು ಕೇಳಬೇಕು. ಒಂದೇ ಹಳ್ಳದ ಸಾಲಿನ ನಾಲ್ಕು ವಾಡಾ ಕೂಡಿದರೆ ಅಂಕಿ ಬೇರೆಯೇ ಆಗುತ್ತದೆ.

ಪಂಚಾಯಿತಿಗೂ ಇದೇ ಕಷ್ಟ. 1993ರ ಕಾಯ್ದೆಯಲ್ಲಿ ಮಲೆನಾಡು-ಕರಾವಳಿ ಜಿಲ್ಲೆಗಳಿಗೆ ಗ್ರಾಮ ಪಂಚಾಯಿತಿಯ ಕನಿಷ್ಠ ಜನಸಂಖ್ಯೆ 2,500ಕ್ಕೆ ಇಳಿಸಲಾಗಿದೆ, ಸದಸ್ಯತ್ವ 400 ಜನಕ್ಕೆ ಒಂದು. ಜೋಯಿಡಾದ ಸಾಂದ್ರತೆಯಲ್ಲಿ 2,500 ಜನ ಅಂದರೆ 90 ಚದರ ಕಿ.ಮೀ. ಒಬ್ಬ ಸದಸ್ಯೆ ತನ್ನ ವಾರ್ಡಿನ ಎಲ್ಲ ಮನೆ ಸುತ್ತಲು ಎರಡು-ಮೂರು ದಿನ ನಡೆಯಬೇಕಾಗಬಹುದು, ಗೌರವಧನ ಮಾತ್ರ ಬಯಲಿನ ಸದಸ್ಯರಷ್ಟೇ.

ಎಣಿಕೆಯಲ್ಲಿ ಎಲ್ಲಿ ತಪ್ಪುತ್ತದೆ

ಜನಗಣತಿ ಎರಡು ಹಂತ. ಮೊದಲು ಮನೆಪಟ್ಟಿ, ಆಮೇಲೆ ತಲೆ ಎಣಿಕೆ. 2011ರಲ್ಲಿ ಎಣಿಕೆ ಫೆಬ್ರವರಿ 9ರಿಂದ 28, ಆಧಾರ ಕ್ಷಣ ಮಾರ್ಚ್ 1ರ ಸೊನ್ನೆ ಗಂಟೆ. ಈ ಸಲದ್ದಕ್ಕೆ ಮನೆಪಟ್ಟಿ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ, ಎಣಿಕೆ 2027ರ ಫೆಬ್ರವರಿಯಲ್ಲಿ, ಆಧಾರ ದಿನ 2027ರ ಮಾರ್ಚ್ 1.

ಫೆಬ್ರವರಿ ಜೋಯಿಡಾಕ್ಕೆ ಸರಿಯಾದ ತಿಂಗಳಲ್ಲ. ಭತ್ತದ ಕೊಯ್ಲು, ಒಕ್ಕಲು ಮುಗಿದ ಮೇಲೆ ಮಳೆ ಹಿಡಿಯುವ ತನಕ ಇಲ್ಲಿನ ದುಡಿಯುವ ಕೈಗಳು ಗೋವಾ, ಬೆಳಗಾವಿ, ದಾಂಡೇಲಿ ಕಡೆ ಇರುತ್ತವೆ. ಎಣಿಕೆಯ ನಿಯಮ ಹೀಗಿದೆ: ಆ ಇಪ್ಪತ್ತು ದಿನಗಳಲ್ಲಿ ಒಂದಿಷ್ಟು ದಿನವಾದರೂ ವಾಸದ ಮನೆಯಲ್ಲಿದ್ದವರು ಅಲ್ಲಿ ಎಣಿಕೆಯಾಗಬೇಕು. ಪೂರ್ತಿ ಅವಧಿ ಹೊರಗಿದ್ದವರು ಇದ್ದಲ್ಲೇ ಎಣಿಕೆಯಾಗಬೇಕು. ಮಡಗಾಂವಿಗೆ ಹೋದ ಮಗ ನಡುವೆ ಎರಡು ದಿನ ಮನೆಗೆ ಬಂದು ಹೋಗಿದ್ದರೆ ಅವನು ಇಲ್ಲಿಯವನೇ. ಮುದುಕಿಯನ್ನು ‘ಮನೆಯಲ್ಲಿ ಎಷ್ಟು ಜನ’ ಎಂದು ಕೇಳಿದರೆ ‘ನಾನು, ಮೊಮ್ಮಗಳು’ ಎಂದು ಹೇಳುತ್ತಾಳೆ, ಅಲ್ಲಿಗೆ ಮುಗಿಯಿತು. ‘ಈ ತಿಂಗಳು ಯಾರ್‍ಯಾರು ಬಂದು ಉಳಿದು ಹೋದರು’ ಎಂದು ಬಿಡಿಸಿ ಕೇಳಬೇಕು. ಬೀಗ ಹಾಕಿದ ಮನೆಗೆ ಒಂದೇ ಸಲ ಹೋಗಿ ಬಿಡಬಾರದು. ಹೋದವರು ಯಾವ ವಾರ ಬರುತ್ತಾರೆ ಎಂದು ಪಕ್ಕದ ಮನೆಯಲ್ಲಿ ಬರೆದುಕೊಳ್ಳಬೇಕು. ಇದು ಹೆಚ್ಚು ನಡಿಗೆ, ನಿಜ. ಆದರೆ ಹದಿನೈದು ಮನೆಯ ವಾಡಾದಲ್ಲಿ ಮೂರು ಬೀಗ ಅಂದರೆ ಐದರಲ್ಲಿ ಒಂದು ಪಾಲು ಊರೇ ಲೆಕ್ಕದಿಂದ ಹೊರಗೆ.

ಉಳವಿಯಲ್ಲಿ ಇದಕ್ಕೆ ತದ್ವಿರುದ್ಧ. ಚನ್ನಬಸವಣ್ಣನವರ ಜಾತ್ರೆ ಭಾರತ ಹುಣ್ಣಿಮೆಯ ಸುಮಾರಿಗೆ. ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವ ಜನ ದಿನಗಟ್ಟಲೆ ಬೀಡು ಬಿಡುತ್ತಾರೆ. 2011ರಲ್ಲಿ ಆ ಹುಣ್ಣಿಮೆ ಫೆಬ್ರವರಿ 18ಕ್ಕೆ ಬಂತು, ಎಣಿಕೆಯ ನಟ್ಟನಡುವೆ. 2027ರಲ್ಲಿ ಫೆಬ್ರವರಿ 20. ಜಾತ್ರೆಗೆ ಬಂದವರು ಅವರವರ ಊರಲ್ಲಿ ಎಣಿಕೆಯಾಗಬೇಕು, ಉಳವಿಯ ಲೆಕ್ಕದಲ್ಲಿ ಬರಬಾರದು. ಉಳವಿಯ ಗಣತಿದಾರರು ಜಾತ್ರೆಗೆ ಮುಂಚೆಯೇ ಸ್ಥಳೀಯ ಮನೆಗಳನ್ನು ಮುಗಿಸಿಕೊಳ್ಳುವುದು ಒಳ್ಳೆಯದು. ಜಾತ್ರೆಯ ವಾರ ಮನೆಯವರಿಗೆ ಕೂತು ಉತ್ತರ ಹೇಳಲು ಪುರುಸೊತ್ತೂ ಇರುವುದಿಲ್ಲ.

ಮೂರನೆಯ ತಪ್ಪು ನಕಾಶೆಯಲ್ಲಿ. ಕಾಗದದ ಕಾಲದಿಂದ ಬಂದ ಪದ್ಧತಿ ಸರಳ: ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ, ವಾಸವಿಲ್ಲದ ಕಟ್ಟಡಕ್ಕೆ ಒಳಗೆ ಓರೆ ಗೀಟು, ಸಂಖ್ಯೆ ಬಿಡದೆ ಮುಂದುವರಿಯಬೇಕು, ದಿಕ್ಕಿಗೆ ಬಾಣ. ಬೀದಿ ಇರುವ ಊರಿಗೆ ಇದು ಹೊಂದುತ್ತದೆ. ವಾಡಾದಲ್ಲಿ ಬೀದಿ ಇಲ್ಲ. 9ನೇ ಮನೆಯಾದ ಮೇಲೆ 10ನೇ ಮನೆ ಎರಡು ಗದ್ದೆ, ಒಂದು ಹಳ್ಳ ದಾಟಿ, ಮರದ ಮರೆಯಲ್ಲಿ. ಅಲ್ಲಿ ಮನೆ ಇದೆ ಎಂದು ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ಗಣತಿದಾರರು ಹೊರಗಿನ ಶಿಕ್ಷಕರಾಗಿದ್ದರೆ ಆಶಾ ಕಾರ್ಯಕರ್ತೆ ಇಲ್ಲವೇ ಅಂಗನವಾಡಿ ಅಕ್ಕನನ್ನು ಜೊತೆಗೆ ಕರೆದೊಯ್ಯುವುದೇ ಪರಿಹಾರ. ಪೋಲಿಯೊ ಹನಿ ಹಾಕಲು ಅವರು ಪ್ರತಿ ಮನೆ ಮೆಟ್ಟಿರುತ್ತಾರೆ. ದನ-ಎಮ್ಮೆ ಸಾಕುವ ಗೌಳಿಗಳ ದೊಡ್ಡಿ ಇನ್ನೂ ಒಳಗೆ, ಮೇವು-ನೀರು ನೋಡಿಕೊಂಡು ಇರುವಂಥದ್ದು. ಅವನ್ನು ಪಟ್ಟಿಯ ಕೊನೆಗೆ ಬಿಟ್ಟರೆ ಬಿಟ್ಟೇ ಹೋಗುತ್ತವೆ. ಈ ಬಾರಿ ಎಣಿಕೆ ಮೊಬೈಲ್ ಆ್ಯಪ್‌ನಲ್ಲಿ. ನೆಟ್‌ವರ್ಕ್ ಇಲ್ಲದ ಕಣಿವೆಗೆ ಇಳಿಯುವ ಮುಂಚೆ ಬೇಕಾದ್ದೆಲ್ಲ ಫೋನಿಗೆ ಇಳಿಸಿಕೊಂಡು, ಬ್ಯಾಟರಿ ಬ್ಯಾಂಕ್ ಇಟ್ಟುಕೊಂಡು, ಪ್ರತಿ ಮನೆಯ ವಿವರವನ್ನು ಒಂದು ನೋಟ್‌ಬುಕ್ಕಿನಲ್ಲೂ ಬರೆದುಕೊಳ್ಳಬೇಕು.

ಇನ್ನು ಬೇಚರಾಕ್ ಗ್ರಾಮಗಳು. ಕಂದಾಯ ದಾಖಲೆಯಲ್ಲಿ ಹೆಸರು, ಗಡಿ, ಸರ್ವೆ ನಂಬರ್ ಎಲ್ಲ ಇದ್ದು ಜನ ಇಲ್ಲದ ಊರಿಗೆ ಈ ಹೆಸರು. ದೀಪವಿಲ್ಲದ್ದು ಎಂದು ಪಾರಸಿ ಅರ್ಥ. ಜೋಯಿಡಾದಂಥ ಕಡೆ ಗ್ರಾಮಗಳ ಪಟ್ಟಿ ನೋಡುವಾಗ ಜನಸಂಖ್ಯೆಯ ಕಾಲಂನಲ್ಲಿ ಸೊನ್ನೆ ಇದ್ದವನ್ನು ಬೇರೆ ತೆಗೆದಿಡಿ. ಅವನ್ನೂ ಸೇರಿಸಿ ‘ಪ್ರತಿ ಗ್ರಾಮಕ್ಕೆ ಸರಾಸರಿ ಇಷ್ಟು ಜನ’ ಎಂದರೆ ಅರ್ಥವಿಲ್ಲ.

ಪಂಚಾಯಿತಿ ಮಟ್ಟದಲ್ಲಿ ದೂರದ ಲೆಕ್ಕ

ಹೀಗಾಗಿ ವಾಡಾವಾರು ಒಂದು ಪಟ್ಟಿಯನ್ನು ಪಂಚಾಯಿತಿಯೇ ಮಾಡಿಕೊಳ್ಳಬೇಕು ಅನ್ನುವುದು ನನ್ನ ಬಲವಾದ ನಂಬಿಕೆ. ಎರಡು ವಾರದ ಕೆಲಸ. ಜನಗಣತಿಯ ಗ್ರಾಮವಾರು ಕೋಷ್ಟಕದಿಂದ ಮನೆ ಮತ್ತು ಜನರ ಅಂಕಿ ತೆಗೆದುಕೊಳ್ಳಿ. ಅದು ಗ್ರಾಮದ ಮೊತ್ತ, ವಾಡಾ ಗೊತ್ತಾಗುವುದಿಲ್ಲ. ವಾಡಾ ಬಿಡಿಸಲು ಆಶಾ ಅವರ ಕುಟುಂಬ ಸಮೀಕ್ಷೆ ಪುಸ್ತಕ, ಅಂಗನವಾಡಿ ದಾಖಲಾತಿ, ಪಡಿತರ ಚೀಟಿ ಪಟ್ಟಿ, ಮತದಾರರ ಪಟ್ಟಿ ನಾಲ್ಕನ್ನೂ ಹೋಲಿಸಿ. ಒಂದೊಂದರ ಕೊರತೆ ಒಂದೊಂದು: ಮತದಾರರ ಪಟ್ಟಿಯಲ್ಲಿ 18 ತುಂಬದವರಿಲ್ಲ, ಮದುವೆಯಾಗಿ ಹೋದವರು ಉಳಿದಿರುತ್ತಾರೆ. ಪಡಿತರ ಚೀಟಿಯಲ್ಲಿ ಅಣ್ಣತಮ್ಮಂದಿರು ಬೇರೆಯಾಗಿದ್ದರೂ ಒಂದೇ ಚೀಟಿ, ಕೆಲವೊಮ್ಮೆ ಒಂದೇ ಒಲೆಗೆ ಎರಡು. ಆಶಾ ಪುಸ್ತಕವೇ ಹೆಚ್ಚು ನಂಬಿಕೆಯದು, ವರ್ಷಕ್ಕೊಮ್ಮೆ ಮನೆ ಮುಟ್ಟಿ ಬರೆದದ್ದು. ಸರ್ವೆ ನಂಬರ್‌ಗಳ ಗಡಿಗೆ ದಿಶಾಂಕ್ ಆ್ಯಪ್, ಅರಣ್ಯ ಯಾವುದು ಎಂಬುದಕ್ಕೆ ಪಹಣಿ.

ಆಮೇಲೆ ದೂರ. ಒಂದು ಕಲ್ಪಿತ ಹಳ್ಳಿ ಹಿಡಿಯೋಣ: 18 ಚದರ ಕಿ.ಮೀ., 42 ಮನೆ, 210 ಜನ, ಐದು ವಾಡಾ. ಮನೆಗಳು ಕ್ರಮವಾಗಿ 16, 11, 8, 5, 2. ಶಾಲೆ, ಬಸ್ಸು ನಿಲ್ಲುವ ಜಾಗ ಎರಡೂ ಮೊದಲ ವಾಡಾದಲ್ಲಿ. ಅಲ್ಲಿಂದ ಉಳಿದವಕ್ಕೆ 1.8, 3, 4.5, 6 ಕಿ.ಮೀ. ಪ್ರತಿ ವಾಡಾದ ಮನೆ ಸಂಖ್ಯೆಯನ್ನು ದೂರದಿಂದ ಗುಣಿಸಿ, ಕೂಡಿಸಿ, 42ರಿಂದ ಭಾಗಿಸಿದರೆ ಮನೆಯೊಂದಕ್ಕೆ ಸರಾಸರಿ 1.9 ಕಿ.ಮೀ. ಕೇಳಲು ಪರವಾಗಿಲ್ಲ ಅನಿಸುತ್ತದೆ. ಈಗ ಮಳೆಗಾಲದ ಲೆಕ್ಕ. ಎರಡನೇ ವಾಡಾದ ಆಚೆ ಹಳ್ಳ ತುಂಬಿ ಕೊನೆಯ ಮೂರು ವಾಡಾದ 15 ಮನೆಗಳು 4 ಕಿ.ಮೀ. ಸುತ್ತಿ ಬರಬೇಕಾದರೆ ಸರಾಸರಿ 3.3ಕ್ಕೆ ಏರುತ್ತದೆ, ಕೊನೆಯ ಎರಡು ಮನೆಗೆ 10 ಕಿ.ಮೀ. ಒಂದೇ ಒಂದು ಹಳ್ಳ ಇಡೀ ಹಳ್ಳಿಯ ಸರಾಸರಿಯನ್ನು ಮುಕ್ಕಾಲು ಪಾಲು ಹೆಚ್ಚಿಸಿತು. ಯಾವ ಹಳ್ಳಕ್ಕೆ ಮೊದಲು ಸಂಕ ಬೇಕು ಎಂಬ ಜಗಳವನ್ನು ಈ ಲೆಕ್ಕ ತಾನೇ ಬಗೆಹರಿಸುತ್ತದೆ: ಸಂಕ ಹಾಕಿದರೆ ಯಾವುದರಲ್ಲಿ ಈ ಮೊತ್ತ ಹೆಚ್ಚು ಇಳಿಯುತ್ತದೋ ಅದು ಮೊದಲು. ದೂರವನ್ನು ಕಿಲೋಮೀಟರಿನ ಜೊತೆಗೆ ನಿಮಿಷದಲ್ಲೂ ಬರೆಯಿರಿ. ಸಮತಟ್ಟಿನಲ್ಲಿ ಗಂಟೆಗೆ 4 ಕಿ.ಮೀ. ನಡೆಯುವವರು ಅಕ್ಕಿ ಮೂಟೆ ಹೊತ್ತು ಗಟ್ಟ ಹತ್ತುವಾಗ ಅದರ ಅರ್ಧವನ್ನೂ ನಡೆಯಲಾರರು.

ಕಾಲುಸಂಕದ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು, ಏಕೆಂದರೆ ಮೇಲಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಆರೇಳು ಮೀಟರ್ ಅಗಲದ ಹಳ್ಳಕ್ಕೆ ಊರವರು ಹಾಕುವ ಸಂಕದಲ್ಲಿ ಎರಡು ಇಲ್ಲವೇ ಮೂರು ದಿಮ್ಮಿ, ಎರಡೂ ದಡದಲ್ಲಿ ಕಲ್ಲುಕಟ್ಟು, ಒಂದು ಕಡೆ ಹಿಡಿಯಲು ಬಿದಿರಿನ ಗಳ, ದಿಮ್ಮಿಗಳನ್ನು ಬಿಗಿಯಲು ಬಳ್ಳಿ ಅಥವಾ ತಂತಿ. ಅಡಿಕೆ ಮರ ಹಗುರ, ಸುಲಭಕ್ಕೆ ಸಿಗುತ್ತದೆ, ಆದರೆ ಎರಡನೇ ಮಳೆಗಾಲಕ್ಕೆ ಒಳಗೆ ಪೊಳ್ಳು. ಮೇಲೆ ಗಟ್ಟಿ ಕಾಣುತ್ತಿರುತ್ತದೆ, ಅದೇ ಅಪಾಯ. ಮೇ ಕೊನೆಗೆ ಕತ್ತಿಯ ಹಿಂಬದಿಯಿಂದ ಉದ್ದಕ್ಕೂ ಬಡಿದು ಸದ್ದು ಕೇಳಬೇಕು. ಸಂಕ ಹೋಗುವುದು ಹೆಚ್ಚಾಗಿ ದಿಮ್ಮಿ ಮುರಿದು ಅಲ್ಲ. ನೀರು ಕಲ್ಲುಕಟ್ಟಿನ ಬುಡ ಕೊರೆದು ಕಟ್ಟು ಕುಸಿಯುತ್ತದೆ, ಇಲ್ಲವೇ ತೇಲಿ ಬಂದ ಮರ ಅಡ್ಡ ಸಿಕ್ಕಿ ಅದರ ಹಿಂದೆ ನೀರು ಏರಿ ಇಡೀ ಸಂಕವನ್ನು ಎತ್ತಿಕೊಂಡು ಹೋಗುತ್ತದೆ. ಬುಡಕ್ಕೆ ಬಂಡೆಯ ಆಸರೆ ಇರುವ ಜಾಗ ಹತ್ತು ಮಾರು ಸುತ್ತಾದರೂ ಅಲ್ಲೇ ಹಾಕಬೇಕು. ದಿಮ್ಮಿಯ ಒಂದೇ ತುದಿಯನ್ನು ದಡದ ಮರಕ್ಕೆ ಉದ್ದ ಹಗ್ಗದಿಂದ ಕಟ್ಟಿದ್ದರೆ ನೆರೆಯಲ್ಲಿ ಅದು ತಿರುಗಿ ದಡಕ್ಕೆ ಬಂದು ನಿಲ್ಲುತ್ತದೆ, ಮರುದಿನ ಮತ್ತೆ ಹಾಕಬಹುದು. ಎರಡೂ ತುದಿ ಕಟ್ಟಿದರೆ ಅಡ್ಡ ನಿಂತು ಮುರಿಯುತ್ತದೆ. ಪಾಚಿಗೆ ಜಾರದಂತೆ ಮೇಲೆ ಅಡ್ಡಪಟ್ಟಿ ಹೊಡೆಯುವುದನ್ನು ಮರೆಯಬಾರದು. ಮಕ್ಕಳು ಬೀಳುವುದು ನಡುವೆ ಅಲ್ಲ, ಇಳಿಯುವ ತುದಿಯಲ್ಲಿ.

ಖಾಯಂ ಪರಿಹಾರ ಕಾಂಕ್ರೀಟಿನದು ಅಥವಾ ತೂಗುಸೇತುವೆ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ್ದರಿಂದ ಶುರುವಾದ ತೂಗುಸೇತುವೆಗಳ ಸಾಲು ನಮ್ಮ ಮಲೆನಾಡಿಗೆ ಇದು ಸಾಧ್ಯ ಎಂದು ತೋರಿಸಿದೆ. ರಾಜ್ಯದ ಶಾಲಾ ಸಂಪರ್ಕ ಸೇತು ಯೋಜನೆಗೆ ಅರ್ಜಿ ಹಾಕುವಾಗ ಜನಸಂಖ್ಯೆಗಿಂತ ಮುಖ್ಯವಾಗಿ, ಆ ಹಳ್ಳ ದಾಟುವ ಶಾಲಾ ಮಕ್ಕಳ ಸಂಖ್ಯೆ, ಜೂನ್‌ನಿಂದ ಸೆಪ್ಟೆಂಬರ್ ನಡುವೆ ದಾಟಲಾಗದೆ ತಪ್ಪಿದ ದಿನಗಳನ್ನು ಹಾಜರಿ ಪುಸ್ತಕದಿಂದ ತೆಗೆದು ಬರೆಯಿರಿ.

ಕಾಡು, ಹಕ್ಕು ಮತ್ತು ಹೊರಡುವವರು

ಕಾಳಿ ಹುಲಿ ಪ್ರದೇಶದೊಳಗಿನ ಕುಟುಂಬಗಳಿಗೆ ಸ್ವಯಂಪ್ರೇರಿತ ಸ್ಥಳಾಂತರದ ಪರಿಹಾರ ಈಗ ಕುಟುಂಬಕ್ಕೆ 15 ಲಕ್ಷ, ಮೊದಲು 10 ಲಕ್ಷವಿತ್ತು. ಹೋಗಬೇಕೋ ಇರಬೇಕೋ ಅವರವರ ತೀರ್ಮಾನ. ಆದರೆ ವಿರಳ ಜನವಸತಿಯಲ್ಲಿ ಒಬ್ಬರ ತೀರ್ಮಾನ ಉಳಿದವರನ್ನು ಕಟ್ಟಿಹಾಕುತ್ತದೆ. ಹನ್ನೆರಡರಲ್ಲಿ ಏಳು ಮನೆ ಹೊರಟರೆ ಉಳಿದ ಐದಕ್ಕೆ ಶಾಲೆ ಮುಚ್ಚುತ್ತದೆ, ದಾರಿ ಸವರಲು ಆಳಿಲ್ಲ, ರಾತ್ರಿ ಕಾಯಿಲೆ ಬಿದ್ದವರನ್ನು ಕಂಬಳಿ ಜೋಲಿಯಲ್ಲಿ ಹೊರಲು ಹೆಗಲಿಲ್ಲ. ಜೋಲಿ ಹೊರಲು ಒಂದು ಸಲಕ್ಕೆ ಇಬ್ಬರು ಸಾಕಾದರೂ, ಐದಾರು ಕಿಲೋಮೀಟರ್ ಗಟ್ಟದ ದಾರಿಗೆ ಬದಲಿ ಹೆಗಲು ಸೇರಿ ಆರು ಜನ ಬೇಕು. ಐದು ಮನೆಯಲ್ಲಿ ಫೆಬ್ರವರಿಯಲ್ಲಿ ಆರು ಜನ ಗಟ್ಟಿ ಗಂಡಾಳು ಸಿಗುವುದಿಲ್ಲ. ಯಾವ ವಾಡಾವೇ ಆಗಲಿ, ಹೊರಡುವುದಿದ್ದರೆ ಎಲ್ಲರೂ ಕೂತು ಮಾತಾಡಿ ಒಂದೇ ತೀರ್ಮಾನಕ್ಕೆ ಬರುವ ತನಕ ಯಾರೂ ಸಹಿ ಹಾಕದಿರುವುದು ಲೇಸು.

ಇರುವವರಿಗೆ 2006ರ ಅರಣ್ಯ ಹಕ್ಕು ಕಾಯ್ದೆ. ಗೋವಾದಲ್ಲಿ ಕುಣಬಿಗಳು 2003ರಿಂದ ಪರಿಶಿಷ್ಟ ಪಂಗಡ. ಗಡಿ ದಾಟಿ ಜೋಯಿಡಾಕ್ಕೆ ಬಂದರೆ ಅದೇ ಜನ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅವರು ‘ಇತರೆ ಪಾರಂಪರಿಕ ಅರಣ್ಯವಾಸಿ’ಗಳ ಸಾಲಿನಲ್ಲಿ ನಿಂತು, 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಅರ್ಜಿಗಳು ಬೀಳುವುದು ಇಲ್ಲೇ. ತೋರಿಸಬೇಕಾದ್ದು ವಾಸ, ಅದೇ ತುಂಡು ಭೂಮಿಯ 75 ವರ್ಷದ ಸಾಗುವಳಿಯಲ್ಲ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು: ಹಳೆಯ ಜನಗಣತಿ, ಗ್ಯಾಸೆಟಿಯರ್, ಮತದಾರರ ಪಟ್ಟಿ, ಹಿರಿಯರ ಲಿಖಿತ ಹೇಳಿಕೆ, ಬಾವಿ, ಮಸಣ, ದೇವರ ಬನದ ಗುರುತು. ಹಳ್ಳಿಯ ಹೆಸರು 1931ರ ಹಿಂದಿನ ಜನಗಣತಿ ಪುಸ್ತಕದಲ್ಲಿ ಇದೆಯೇ ಎಂದು ಮೊದಲು ನೋಡಿ. ಕಾಗುಣಿತ ಮರಾಠಿ ಉಚ್ಚಾರದಲ್ಲಿರಬಹುದು, ಈಗಿನ ಹೆಸರಿನಲ್ಲಿ ಹುಡುಕಿ ಇಲ್ಲವೆಂದು ಕೈಬಿಡಬೇಡಿ.

ಇದೇ ಕಾಯ್ದೆಯ 3(2)ನೇ ಕಲಂ ಅನ್ನು ಪಂಚಾಯಿತಿಗಳು ಬಳಸುವುದು ಕಡಿಮೆ. ಶಾಲೆ, ಅಂಗನವಾಡಿ, ಕುಡಿಯುವ ನೀರಿನ ಪೈಪು, ವಿದ್ಯುತ್ ತಂತಿ, ರಸ್ತೆ ಮುಂತಾದ 13 ಬಗೆಯ ಸರ್ಕಾರಿ ಕಾಮಗಾರಿಗೆ, ಪ್ರತಿ ಪ್ರಕರಣದಲ್ಲಿ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75 ಮರ ಮೀರದಂತೆ ಕಡಿಯುವುದಾದರೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಬಿಡಿಸಿಕೊಳ್ಳಬಹುದು. ಒಂದು ಹೆಕ್ಟೇರ್ ಅಂದರೆ 10,000 ಚದರ ಮೀಟರ್. 4 ಮೀಟರ್ ಅಗಲದ ದಾರಿಯಾದರೆ 2.5 ಕಿ.ಮೀ.ಗೆ ತುಸು ಕಡಿಮೆ, 3 ಮೀಟರ್ ಅಗಲಕ್ಕೆ 3.3 ಕಿ.ಮೀ. ಆಂಬುಲೆನ್ಸ್ ಜೀಪು ಬರಲು 3 ಮೀಟರ್ ಮತ್ತು ಅಲ್ಲಲ್ಲಿ ಪಕ್ಕಕ್ಕೆ ಸರಿಯುವ ಜಾಗ ಸಾಕು. ಅಗಲ ಹೆಚ್ಚು ಕೇಳಿ ಮಿತಿ ದಾಟಿ ಕಡತ ದೊಡ್ಡ ಅನುಮತಿಗೆ ಹೋಗಿ ಕೂರುವುದಕ್ಕಿಂತ ಇದು ಮೇಲು. ಹುಲಿ ಪ್ರದೇಶದೊಳಗಾದರೆ ವನ್ಯಜೀವಿ ಅನುಮತಿ ಪ್ರತ್ಯೇಕವಾಗಿ ಬೇಕು, ಅದನ್ನು ಮೊದಲೇ ವಿಚಾರಿಸಿಕೊಳ್ಳಿ. ಗ್ರಾಮಸಭೆಯ ಠರಾವಿನಲ್ಲಿ ಕೋರಂ ಸಂಖ್ಯೆ, ಹಾಜರಿದ್ದ ಹೆಂಗಸರ ಸಂಖ್ಯೆ, ದಾರಿಯ ಎರಡೂ ತುದಿಯ ಸರ್ವೆ ನಂಬರ್, ಬೀಳುವ ಮರಗಳ ಜಾತಿವಾರು ಎಣಿಕೆ ಇರಲಿ. ಮರ ಎಣಿಸುವ ದಿನ ಅರಣ್ಯ ರಕ್ಷಕರನ್ನೂ ಕರೆದು ಜೊತೆಗೇ ನಡೆಯಿರಿ, ಆ ನಡಿಗೆಯನ್ನು ಜುಲೈನಲ್ಲಿ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಗುರುತು ಹಾಕಿದ ದಾರಿ ಮಳೆಗಾಲದಲ್ಲಿ ಹಳ್ಳದೊಳಗೇ ಹೋಗುತ್ತಿರುವುದು ಆಗ ಗೊತ್ತಾಗುತ್ತದೆ.